ಅನಂತಪದ್ಮನಾಭರ ಬಲಗಾಲು

ಅದು ೨೦೧೪ರ ಅಕ್ಟೋಬರ್ ತಿಂಗಳ ಒಂದು ಸೋಮವಾರ. ಬೆಳಿಗ್ಗೆ ಏಳೂಮುಕ್ಕಾಲು. ಅಮೆರಿಕದ ಡುವಾಲ್ ಎಂಬ ಊರಿನ ಗುಡ್ಡದ ಮೇಲಿನ ಮನೆಯಿಂದ ಅನಂತಪದ್ಮನಾಭರು ತಮ್ಮ ಹಳೆಯ ಹಸಿರು ಕಾರನ್ನು ಹೊರಗೆ ತೆಗೆದು ಇನ್ನೂ ಮೂರು ನಿಮಿಷವಾಗಿರಲಿಲ್ಲ. ಪಕ್ಕದಲ್ಲಿ ಹೆಂಡತಿ ವಸಂತಲಕ್ಷ್ಮಿ ಊಟದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ದಾರಿಯಲ್ಲಿ ಒಂದು ಸಣ್ಣ ಏರು. ಅದನ್ನು ಹತ್ತಿಸಲು ಅನಂತಪದ್ಮನಾಭರು ಆಕ್ಸಿಲರೇಟರನ್ನು ಚೆನ್ನಾಗಿ ಒತ್ತಿದರು. ಏರು ಮುಗಿಯಿತು. ಮುಂದೆ ಕೆಂಪು ಸ್ಟಾಪ್ ಬೋರ್ಡು, ಅದರ ಪಕ್ಕದ ಜಲ್ಲಿಯ ಮೇಲೆ ಶಾಲೆಯ ಬಸ್ಸಿಗೆ ಕಾಯುತ್ತ ನಿಂತಿದ್ದ ಐದಾರು ಮಕ್ಕಳು. ಅವರು ಕಾಲು ತೆಗೆದರು. ಕಡೇಪಕ್ಷ, ತೆಗೆದೆನೆಂದುಕೊಂಡರು.

ಎಂಜಿನ್ ಇಳಿಯಲಿಲ್ಲ. ಇಳಿಯುವ ಬದಲು ಇನ್ನಷ್ಟು ರೇಸ್ ಆದಂತೆ ಕೇಳಿಸಿತು. ಕಾರು ಮಕ್ಕಳ ಕಡೆಗೆ ಹೋಗುತ್ತಲೇ ಇತ್ತು. ಬ್ರೇಕು, ಕ್ಲಚ್ಚು, ಕೀಲಿ ಇವುಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಅವರಿಗೆ ನೆನಪಿಲ್ಲ. ನೆನಪಿರುವುದು ಹಳದಿ ಬೂಟು ತೊಟ್ಟ ಒಂದು ಮಗು ಮಾತ್ರ. ಉಳಿದವರೆಲ್ಲ ಹಿಂದಕ್ಕೆ ಹಾರಿದರೂ ಅದು ಅಲ್ಲಾಡದೆ ಅವರನ್ನೇ ನೋಡುತ್ತ ನಿಂತಿತ್ತು. ಕಾರು ನಿಂತಾಗ ಆ ಬೂಟಿಗೂ ಬಂಪರಿಗೂ ನಡುವೆ ಉಳಿದಿದ್ದುದು ಒಂದು ಮಾರು.

ಯಾರಿಗೂ ಏನೂ ಆಗಲಿಲ್ಲ. ಒಬ್ಬ ತಾಯಿ ಬಂದು ಕಿಟಕಿಯ ಗಾಜಿಗೆ ಬಡಿದು, "ನಿನಗೆ ಬ್ರೇಕು ಯಾವುದು ಅಂತ ಗೊತ್ತಿಲ್ಲವಾ?" ಎಂದು ಇಂಗ್ಲಿಷಿನಲ್ಲಿ ಕಿರುಚಿದಳು. ಬಸ್ಸು ಬಂದು ಮಕ್ಕಳು ಹೊರಟುಹೋದ ಮೇಲೆ, ಹತ್ತು ನಿಮಿಷ ಬಿಟ್ಟು, ಕೀಲಿ ತಿರುಗಿಸಿದರು. ಎಂಜಿನ್ ಬೆಕ್ಕಿನ ಹಾಗೆ ಗುರುಗುಟ್ಟಿತು. ಪೆಡಲು ಒತ್ತಿದರು, ಬಿಟ್ಟರು. ಎದ್ದು ಬಂತು. ಮತ್ತೆ ಒತ್ತಿದರು, ಎದ್ದು ಬಂತು. ಕಾರಿಗೆ ಏನೂ ಆಗಿರಲಿಲ್ಲ.

ಭಯ ಹುಟ್ಟಿದ್ದು ಆಗ. ಕಾರಿಗೆ ಏನೂ ಆಗಿಲ್ಲವೆಂದರೆ, ಆಗಿರುವುದು ಯಾರಿಗೆ?

"ಲಕ್ಷ್ಮೀ, ನನ್ನ ಕಾಲು ಎಲ್ಲಿತ್ತು? ಬ್ರೇಕ್ ಮೇಲಿತ್ತಾ?"

"ನಾನು ಮಕ್ಕಳನ್ನ ನೋಡ್ತಿದ್ದೆ ಕಣ್ರೀ. ನಿಮ್ಮ ಕಾಲು ನೋಡ್ಲಿಲ್ಲ," ಎಂದರು ವಸಂತಲಕ್ಷ್ಮಿ. ಡಬ್ಬಿಯ ಮುಚ್ಚಳ ತೆರೆದುಕೊಂಡು ಚಿತ್ರಾನ್ನವೆಲ್ಲ ಅವರ ಕಾಲ ಬುಡದಲ್ಲಿ ಚೆಲ್ಲಿತ್ತು.

ಅನಂತಪದ್ಮನಾಭರಿಗೆ ಅರವತ್ತೊಂದು ವರ್ಷ. ಮೈಸೂರಿನವರು. ೧೯೯೧ರಲ್ಲಿ ಅಮೆರಿಕಕ್ಕೆ ಬಂದವರು, ಹತ್ತಿರದ ರೆಡ್ಮಂಡಿನ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟರು. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು, ಅವರ ಭಾಷೆಯಲ್ಲಿ ಬಗ್, ಹುಡುಕಿ, ಅದು ಯಾವಾಗ, ಏನು ಮಾಡಿದರೆ ಬರುತ್ತದೆ ಎಂದು ಬರೆದಿಡುವುದು ಅವರ ಕೆಲಸ. ಆ ಕೆಲಸಕ್ಕೆ ಹೇಳಿ ಮಾಡಿಸಿದಂಥ ಮನುಷ್ಯ. ಮನೆಯ ಪ್ರತಿ ಕೀಲಿಗೂ ಒಂದು ಚೀಟಿ ಕಟ್ಟಿರುತ್ತಿದ್ದರು. ಸ್ಟಾಪ್ ಬೋರ್ಡಿನ ಮುಂದೆ ನಿಂತರೆ ಒಂದು, ಎರಡು, ಮೂರು ಎಂದು ಎಣಿಸಿಯೇ ಹೊರಡುತ್ತಿದ್ದರು. ಇಪ್ಪತ್ತಮೂರು ವರ್ಷದಲ್ಲಿ ಪೊಲೀಸರು ಅವರನ್ನು ಒಮ್ಮೆಯೂ ನಿಲ್ಲಿಸಿರಲಿಲ್ಲ.

ಹಸಿರು ಕಾರು ಅವರ ಒಂದೇ ಒಂದು ಹುಚ್ಚು. ೧೯೬೭ರ ಇಂಗ್ಲಿಷ್ ಕಾರು. ಎಂಜಿನ್ನಿನ ಪಕ್ಕದಲ್ಲಿ ಜೋಡಿ ಹೂಜಿಗಳ ಹಾಗೆ ಎರಡು ಕಾರ್ಬ್ಯುರೇಟರುಗಳು. ಹಳೆಯ ಅಂಬಾಸಡರಿನಲ್ಲಿ ಇರುತ್ತಿದ್ದ ಜಾತಿಯವೇ. ಪೆಟ್ರೋಲನ್ನು ಗಾಳಿಯೊಡನೆ ಬೆರೆಸಿ ಎಂಜಿನ್ನಿಗೆ ಕೊಡುವುದು ಅವುಗಳ ಕೆಲಸ. ಒಳಗೊಂದು ಹಿತ್ತಾಳೆಯ ದುಂಡು ತಟ್ಟೆ. ಪೆಡಲು ಒತ್ತಿದರೆ ಕೇಬಲ್ ಎಳೆದು ತಟ್ಟೆ ತೆರೆಯುತ್ತದೆ. ಬಿಟ್ಟರೆ ಸ್ಪ್ರಿಂಗು ಅದನ್ನು ಮುಚ್ಚುತ್ತದೆ. ಇಷ್ಟೇ. ಕಂಪ್ಯೂಟರಿಲ್ಲದ, ಕಣ್ಣಿಗೆ ಕಾಣುವ ಯಂತ್ರ ಎಂಬ ಕಾರಣಕ್ಕೇ ಅವರಿಗೆ ಅದು ಇಷ್ಟ. ಮಳೆಯ ದಿನಗಳಿಗೆ ಬೇರೊಂದು ಕಾರಿತ್ತು; ಮಳೆಯಿಲ್ಲದ ದಿನಗಳಲ್ಲಿ ಆಫೀಸಿಗೂ ಇದರಲ್ಲೇ ಹೋಗುವರು. ಆ ಬಾರಿ ಸೆಪ್ಟೆಂಬರಿಡೀ ಕೆಲಸದ ಒತ್ತಡದಲ್ಲಿ ಕಾರು ಹೊರಗೆ ಹೊದಿಕೆಯ ಕೆಳಗೇ ಇತ್ತು. ಆ ಸೋಮವಾರವೇ ಮತ್ತೆ ತೆಗೆದದ್ದು.

ಸಂಜೆ ಮಗಳು ಮಧುರಾ ನಗರದ ಸೌತ್ ಲೇಕ್ ಯೂನಿಯನ್ ಬಡಾವಣೆಯ ತನ್ನ ಆಫೀಸಿನಿಂದ ಫೋನ್ ಮಾಡಿದಳು. ಅಮ್ಮ ಆಗಲೇ ಎಲ್ಲ ಹೇಳಿಯಾಗಿತ್ತು.

"ಅಪ್ಪಾ, ಪ್ಲೀಸ್ ಡೋಂಟ್ ಡ್ರೈವ್. ಯಾವ ಕಾರೂ ಬೇಡ."

"ಕಾರಲ್ಲಿ ಏನೋ ತೊಂದ್ರೆ ಇದೆ ಮರಿ. ಹುಡುಕ್ತಿದೀನಿ."

"ಅಪ್ಪಾ, ಎಲ್ಲ ಓಲ್ಡ್ ಪೀಪಲ್ಲೂ ಅದನ್ನೇ ಹೇಳ್ತಾರೆ. ಕಾರ್ ತಾನೇ ಓಡ್ತು ಅಂತ. ಸಂಡೇ ಬರ್ತೀನಿ. ನೀವು ಹುಡುಕಿ. ಸಿಗ್ಲಿಲ್ಲ ಅಂದ್ರೆ ಎರಡೂ ಕಾರ್ ಕೀ ನಂಗೆ ಕೊಡಿ. ಓಕೆ?"

ಓಕೆ ಎಂದರು. ಮಗಳು ಸಿಟ್ಟಿನಿಂದ ಮಾತಾಡಿದ್ದರೆ ಸುಲಭವಾಗುತ್ತಿತ್ತು. ಅವಳ ದನಿಯಲ್ಲಿದ್ದುದು ಮಕ್ಕಳನ್ನು ಸಮಾಧಾನ ಮಾಡುವ ಮೆದುತನ. ಡುವಾಲಿನಲ್ಲಿ ಕೀಲಿ ಕೊಟ್ಟುಬಿಟ್ಟರೆ ಏನು ಉಳಿಯುತ್ತದೆ ಎಂದು ಅವರಿಗೆ ಗೊತ್ತಿತ್ತು. ಹಾಲು ತರಲೂ ಎರಡು ಮೈಲಿ. ವಸಂತಲಕ್ಷ್ಮಿ ಕಾರು ಓಡಿಸುವುದನ್ನು ಕಲಿತೇ ಇರಲಿಲ್ಲ. ಆದರೆ ಅವರನ್ನು ನಿದ್ದೆಗೆಡಿಸಿದ್ದು ಹಾಲೂ ಅಲ್ಲ, ಆಫೀಸೂ ಅಲ್ಲ. ಅವರ ಅಪ್ಪ ಅರವತ್ತೆರಡನೆಯ ವರ್ಷದಲ್ಲಿ ಒಂದು ದಿನ ಮಾರುಕಟ್ಟೆಯಿಂದ ಬೇರೆ ಯಾರದೋ ಸೈಕಲ್ ತಂದು, ಇದು ನನ್ನದೇ ಎಂದು ಹಟ ಹಿಡಿದು ಕೂತಿದ್ದರು. ಮರೆವು ಶುರುವಾದದ್ದು ಹಾಗೆ. ಮುಂದಿನ ಮಾರ್ಚಿಗೆ ಅನಂತಪದ್ಮನಾಭರಿಗೂ ಅರವತ್ತೆರಡು.

ಇನ್ನೊಂದು ಸಂಗತಿಯನ್ನು ಅವರು ಯಾರಿಗೂ ಹೇಳಿರಲಿಲ್ಲ. ಆ ಬೆಳಿಗ್ಗೆ ಏರು ಹತ್ತಿಸುವಾಗ ಬಲಗಾಲು ಭಾರವಾಗಿತ್ತು. ಪೆಡಲು ಒತ್ತಲು ಎಂದಿಗಿಂತ ಹೆಚ್ಚು ಬಲ ಬೇಕಾಗಿತ್ತು. ಕಾಲಿನ ಶಕ್ತಿ ಕುಂದಿದೆಯೇನೋ ಎಂದು ಆಗಲೇ ಒಂದು ಕ್ಷಣ ಅನಿಸಿತ್ತು.

ಸೋಮವಾರ ಸಂಜೆಯಿಂದಲೇ ಹುಡುಕಾಟ ಶುರುವಾಯಿತು. ಆಫೀಸಿಗೆ ಪಕ್ಕದ ಬೀದಿಯವರೊಬ್ಬರ ಜೊತೆ ಹೋಗಿ ಬರುತ್ತಿದ್ದರು. ಬಂದವರೇ ಕಾರನ್ನು ಗ್ಯಾರೇಜಿನೊಳಗೆ ತಂದು, ಪುಸ್ತಕದಲ್ಲಿ ಹೇಳಿದಂತೆ ಎಂಜಿನ್ನನ್ನು ಇಪ್ಪತ್ತು ನಿಮಿಷ ಓಡಿಸಿ ಬಿಸಿ ಮಾಡುವರು. ಕಾರ್ಬ್ಯುರೇಟರನ್ನು ಬಿಸಿ ಎಂಜಿನ್ನಿನ ಮೇಲೇ ಪರೀಕ್ಷಿಸಬೇಕು ಎನ್ನುವುದು ನಿಯಮ. ಆಮೇಲೆ ಬಾನೆಟ್ ಎತ್ತಿ, ಒಂದು ದಿನಕ್ಕೆ ಒಂದೇ ಭಾಗ. ಎರಡು ಭಾಗವನ್ನು ಒಟ್ಟಿಗೆ ಮುಟ್ಟಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಕೊನೆಗೆ ನೀಲಿ ರಟ್ಟಿನ ನೋಟುಪುಸ್ತಕದಲ್ಲಿ ತಾರೀಕು ಹಾಕಿ ಬರೆಯುವರು.

ಸೋಮವಾರ, ಕಾಲ ಬುಡದ ಚಾಪೆ. ಪೆಡಲಿಗೆ ಸಿಕ್ಕಿಕೊಳ್ಳುವಂತಿಲ್ಲ. ಸರಿ ಇದೆ. ಮಂಗಳವಾರ, ತಟ್ಟೆಯನ್ನು ಮುಚ್ಚುವ ಸ್ಪ್ರಿಂಗುಗಳು. ಕಳಚಿ, ಅಳೆದು, ಹೊಸದರ ಪಕ್ಕ ಇಟ್ಟು ನೋಡಿದರು. ಸರಿ ಇವೆ. ಬುಧವಾರ ಕಾರ್ಬ್ಯುರೇಟರಿನ ಬುಡದಲ್ಲಿ ಎಲ್ಲಾದರೂ ಗಾಳಿ ಸೋರುತ್ತಿದೆಯೇ ಎಂದು ಕಿವಿಗೆ ರಬ್ಬರ್ ಕೊಳವೆ ಹಿಡಿದು ಮುಕ್ಕಾಲು ಗಂಟೆ ಆಲಿಸಿದರು. ಸೋರಿಕೆ ಇದ್ದರೂ ಎಂಜಿನ್ ತಾನಾಗಿ ರೇಸ್ ಆಗುತ್ತದೆ. ಇರಲಿಲ್ಲ. ಗುರುವಾರ ಕೈಯಿಂದ ತಟ್ಟೆಯನ್ನು ತೆರೆದು ಬಿಟ್ಟರು. ಟಪ್ ಎಂದು ಮುಚ್ಚಿಕೊಂಡಿತು. ಐವತ್ತು ಸಲ ಮಾಡಿದರು. ಐವತ್ತು ಸಲವೂ ಟಪ್.

ಬೇರೆ ದಿನಗಳಲ್ಲಾದರೆ "ಸರಿ ಇದೆ" ಎಂದು ಬರೆಯುವಾಗ ಅವರಿಗೆ ಒಂದು ಸಮಾಧಾನ ಇರುತ್ತಿತ್ತು. ಈಗ ಹಾಗಲ್ಲ. ಸರಿ ಇರುವ ಪ್ರತಿಯೊಂದು ಭಾಗವೂ ಅನುಮಾನವನ್ನು ಅವರ ಬಲಗಾಲಿನ ಕಡೆಗೆ ಒಂದು ಗೇಣು ತಳ್ಳುತ್ತಿತ್ತು. ಸ್ಪ್ರಿಂಗು ಮುರಿದಿರಲಿ, ತಟ್ಟೆ ಸೊಟ್ಟಗಾಗಿರಲಿ ಎಂದು ಹಾರೈಸಿದರು. ಜೀವಮಾನದಲ್ಲಿ ಮೊದಲ ಸಲ, ತಪ್ಪು ಸಿಗಲಿ ಎಂದು ದೇವರನ್ನು ಕೇಳಿಕೊಂಡರು. ಆಫೀಸಿನಲ್ಲಿ ಮೇಜಿನ ಕೆಳಗೆ ಷೂ ಬಿಚ್ಚಿ, ಬಲಗಾಲಿನ ಬೆರಳುಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡಿದರು. ಸ್ನಾನದ ಮನೆಯಲ್ಲಿ ಒಂಟಿ ಕಾಲಿನಲ್ಲಿ ನಿಂತು ನೂರರಿಂದ ಏಳೇಳು ಕಳೆಯುತ್ತ ಹೋದರು. ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು... ಐವತ್ತೊಂದರಲ್ಲಿ ತಡವರಿಸಿದರು. ಅದು ಭಯಕ್ಕೋ, ಮರೆವಿಗೋ ಗೊತ್ತಾಗಲಿಲ್ಲ.

ಶುಕ್ರವಾರ ಊಟದ ಹೊತ್ತಿನಲ್ಲಿ ಅತಾವುಲ್ಲಾ ಎದುರು ಬಂದು ಕೂತರು. ಅವರೂ ಮೈಸೂರಿನವರೇ, ಹದಿನಾರು ವರ್ಷದಿಂದ ಇಬ್ಬರ ಮೇಜೂ ಅಕ್ಕಪಕ್ಕ.

"ಏನ್ ಸಾರ್, ಐದು ದಿನದಿಂದ ಟೇಬಲ್ ಕೆಳಗೆ ಕಾಲು ಕುಣಿಸ್ತಿದೀರ. ಭರತನಾಟ್ಯ ಕಲೀತಿದೀರಾ?"

ಅನಂತಪದ್ಮನಾಭರು ಅತ್ತಿತ್ತ ನೋಡಿ ಎಲ್ಲವನ್ನೂ ಹೇಳಿದರು. ಕಾಲು ಭಾರವಾಗಿದ್ದ ಸಂಗತಿಯನ್ನೂ ಹೇಳಿಬಿಟ್ಟರು. ಅತಾವುಲ್ಲಾ ನಗಲಿಲ್ಲ. ಬಿರಿಯಾನಿಯನ್ನು ಚಮಚದಿಂದ ಒಂದು ಕಡೆ ಒತ್ತಿಟ್ಟರು.

"ಅಲ್ಲ ಸಾಹೇಬ್ರೆ, ಒಂದು ಮಾತು. ಗಿರಾಕಿ ಮಿಷಿನ್ನಲ್ಲಿ ಬರೋ ಬಗ್ ನಮ್ಮ ಲ್ಯಾಬಲ್ಲಿ ಬರಲ್ಲ ಅಂತ ಇಟ್ಕೊಳ್ಳಿ. ಆಗ ನೀವು ನನಗೆ ಏನು ಬೈತೀರಾ?"

"ಗಿರಾಕಿ ಹತ್ರ ಹ್ಯಾಗಿತ್ತೋ ಹಾಗೇ ಇಟ್ಟು ನೋಡಿದ್ಯೇನಯ್ಯಾ ಅಂತೀನಿ."

"ಮತ್ತೆ? ಸೋಮವಾರ ಬೆಳಿಗ್ಗೆ ಹ್ಯಾಗಿತ್ತೋ ಹಾಗೇ ಇಟ್ಟು ನೋಡಿದ್ರಾ?"

ಅನಂತಪದ್ಮನಾಭರ ಕೈ ತುತ್ತಿನ ಜೊತೆ ಅರ್ಧಕ್ಕೇ ನಿಂತಿತು. ಸೋಮವಾರ ಕಾರು ರಾತ್ರಿಯಿಡೀ ಹೊರಗೆ ಚಳಿಯಲ್ಲಿ ನಿಂತಿತ್ತು. ಎಂಜಿನ್ ತಣ್ಣಗಿತ್ತು. ಅವರು ಮಾತ್ರ ಪ್ರತಿ ಸಂಜೆ, ನಿಯಮದ ಪ್ರಕಾರ, ಬಿಸಿ ಮಾಡಿ ಮಾಡಿ ನೋಡಿದ್ದರು. ಸಾಲದ್ದಕ್ಕೆ, ಕೈ ಮರಗಟ್ಟಬಾರದೆಂದು ಗ್ಯಾರೇಜಿನಲ್ಲಿ ಹೀಟರು ಬೇರೆ.

"ಹೋಗಿ ನೋಡಿ ಸಾರ್. ಆಮೇಲೆ ಬೇಕಾದ್ರೆ ಬಗ್ ಕಾಲಲ್ಲಿದೆ ಅಂತ ಬರೆಯೋಣ," ಎಂದು ಅತಾವುಲ್ಲಾ ಮತ್ತೆ ಊಟಕ್ಕೆ ಕೈ ಹಾಕಿದರು.

ಅಂದೇ ಕಾರನ್ನು ಹೊರಗೆ ನಿಲ್ಲಿಸಿದರು. ಶನಿವಾರ ಬೆಳಿಗ್ಗೆ ಎದ್ದು ಸ್ವೆಟರು ಹಾಕಿಕೊಂಡು ಬಾಗಿಲವರೆಗೂ ಹೋದರು. ಹೋಗಿ, ಅಲ್ಲೇ ನಿಂತರು. ಇನ್ನು ಉಳಿದಿರುವುದು ಇದೊಂದೇ ಪರೀಕ್ಷೆ. ಚಳಿಯಲ್ಲೂ ಪೆಡಲು ಎದ್ದು ಬಂದರೆ ಮುಗಿಯಿತು; ಆಮೇಲೆ ಅನುಮಾನಪಡಲು ಕಾರಿನಲ್ಲಿ ಬೇರೇನೂ ಇಲ್ಲ. ಬಾಗಿಲ ಹಿಡಿಯ ಮೇಲೆ ಕೈಯಿಟ್ಟುಕೊಂಡು ಎಷ್ಟೋ ಹೊತ್ತು ನಿಂತಿದ್ದು, ಕೊನೆಗೆ ವಾಪಸು ಬಂದು ಮಂಚದ ಮೇಲೆ ಕೂತರು.

"ಏನ್ರೀ?" ಎಂದರು ವಸಂತಲಕ್ಷ್ಮಿ ಹೊದಿಕೆಯೊಳಗಿನಿಂದ.

"ಮಂಜು ಬಿದ್ದಿದೆ. ನಾಳೆ ನೋಡ್ತೀನಿ."

"ನಾಳೆ ಮಧು ಬರ್ತಾಳೆ."

"ಗೊತ್ತು."

ವಸಂತಲಕ್ಷ್ಮಿ ಮತ್ತೇನೂ ಕೇಳಲಿಲ್ಲ. ಆ ಕೇಳದಿರುವಿಕೆಯೇ ಅವರನ್ನು ಹೆಚ್ಚು ಹೆದರಿಸಿತು. ಅಪ್ಪನ ಬಳಿ ಸೈಕಲ್ಲಿನ ವಿಷಯವನ್ನು ಅಮ್ಮ ಹೀಗೇ ಕೇಳದೆ ಬಿಟ್ಟಿದ್ದಳು.

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಎದ್ದು ಹೋದರು. ಕಣಿವೆಯಿಂದ ಮಂಜು ಮೇಲೇರಿ ಬೇಲಿಯವರೆಗೂ ಬಂದಿತ್ತು. ಹೊದಿಕೆ ತೆಗೆದು ಕಾರಿನ ಬಾಗಿಲು ತೆರೆದರು. ಒಳಗೆ ಕೂರಲಿಲ್ಲ. ತಮ್ಮ ಕಾಲನ್ನು ಈ ಪರೀಕ್ಷೆಯಿಂದ ದೂರ ಇಡಬೇಕಿತ್ತು. ಒದ್ದೆ ಜಲ್ಲಿಯ ಮೇಲೆ ಮೊಣಕಾಲೂರಿ, ಬಾಗಿ, ಎಂಜಿನ್ ಹಚ್ಚದೆ, ಪೆಡಲಿನ ಮೇಲೆ ಅಂಗೈ ಇಟ್ಟರು. ಒತ್ತಿದರು. ಕೈಗೂ ಭಾರವಾಗಿತ್ತು. ಪೂರ್ತಿ ಒತ್ತಿ, ಕೈ ತೆಗೆದರು.

ಪೆಡಲು ಮೇಲೆ ಬರಲಿಲ್ಲ.

ಅವರು ನೋಡುತ್ತಲೇ ಇದ್ದರು. ಅದು ಕೆಳಗೇ ಇತ್ತು, ಯಾವುದೋ ಕಾಣದ ಕಾಲು ಅದರ ಮೇಲೆ ಇದೆಯೇನೋ ಎಂಬಂತೆ. ಒಂದು, ಎರಡು, ಮೂರು ಎಂದು ಎಣಿಸಿದರು. ಹನ್ನೊಂದಕ್ಕೆ ಅದು ಮೆಲ್ಲಗೆ, ಸೋಮಾರಿಯ ಹಾಗೆ, ಅರ್ಧ ಎದ್ದು ನಿಂತುಕೊಂಡಿತು. ಅನಂತಪದ್ಮನಾಭರ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲೇ ಇನ್ನೊಂದು ಭಯವೂ ಹುಟ್ಟಿತು: ಹಳದಿ ಬೂಟಿನ ಕಡೆಗೆ ಕಾರು ಹೋಗುತ್ತಿದ್ದಾಗ ಪೆಡಲು ಹೀಗೇ ಕೆಳಗಿತ್ತು.

ಆದರೂ ಕ್ರಮ ಬಿಡಲಿಲ್ಲ. ಬಾನೆಟ್ ಎತ್ತಿ ಕೇಬಲ್ಲನ್ನು ಕಾರ್ಬ್ಯುರೇಟರಿನಿಂದ ಕಳಚಿದರು. ತಟ್ಟೆಯನ್ನು ಬೆರಳಿನಿಂದ ತೆರೆದು ಬಿಟ್ಟರು. ಟಪ್. ಚಳಿಯಲ್ಲೂ ಟಪ್. ಕೇಬಲ್ಲನ್ನು ಇನ್ನೊಂದು ತುದಿಯಲ್ಲೂ ಬಿಚ್ಚಿ ಕೈಯಿಂದ ಎಳೆದರು. ಒಳಗಿನ ತಂತಿ ಕವಚದೊಳಗೆ ಬೆಲ್ಲದ ಪಾಕದಲ್ಲಿ ಸಿಕ್ಕಿಕೊಂಡಂತೆ ಬಿಗಿಯಾಗಿ, ನಿಧಾನವಾಗಿ ಜರುಗಿತು. ದೋಷ ಕೇಬಲ್ಲಿನದು. ತಂತಿಯನ್ನು ಪೂರ್ತಿ ಹೊರಗೆಳೆದಾಗ ಅದರ ಉದ್ದಕ್ಕೂ ಬೆಳ್ಳಗೆ, ಮೇಣದಂಥದೇನೋ ಹತ್ತಿತ್ತು. ಗ್ರೀಸೇ? ತಾವು ಕೇಬಲ್ಲಿಗೆ ಗ್ರೀಸು ಹಾಕಿಯೇ ಇರಲಿಲ್ಲ. ಬೆರಳಿನ ತುದಿಯಲ್ಲಿ ಸ್ವಲ್ಪ ತೆಗೆದು ಉಜ್ಜಿದರು. ಬೆಳ್ಳಗಿದ್ದದ್ದು ಮೈಯ ಬಿಸಿಗೆ ಕರಗಿ ನೀರಾಯಿತು. ಮೂಗಿನ ಹತ್ತಿರ ತಂದರು.

ಕೊಬ್ಬರಿ ಎಣ್ಣೆ.

ಗ್ಯಾರೇಜಿಗೆ ಓಡಿ ನೀಲಿ ಪುಸ್ತಕದ ಹಾಳೆ ತಿರುವಿದರು. ಆಗಸ್ಟ್ ಹದಿನಾರು. ಅವರದೇ ದುಂಡಗಿನ ಅಕ್ಷರ: "ಪೆಡಲು ಕಿರ್ ಎನ್ನುತ್ತಿತ್ತು. ಕೇಬಲ್ಲಿಗೆ ಎಣ್ಣೆ ಬಿಟ್ಟೆ. ಈಗ ಸರಿ ಇದೆ." ಯಾವ ಎಣ್ಣೆ ಎಂದು ಬರೆದಿರಲಿಲ್ಲ. ನೀಲಿ ಪುಸ್ತಕದಲ್ಲಿ ಹಾಗೆ ಅರ್ಧಕ್ಕೆ ಬಿಟ್ಟ ಸಾಲು ಅದೊಂದೇ ಇರಬೇಕು. ಓದುತ್ತಿದ್ದಂತೆ ಎಲ್ಲ ನೆನಪಾಯಿತು. ಕಾಗದದ ಆಲಿಕೆ ಮಾಡಿ ಕೇಬಲ್ಲಿನ ಬಾಯಿಗೆ ಕಟ್ಟಿ, ಹೊಲಿಗೆ ಯಂತ್ರದ ಎಣ್ಣೆಯನ್ನು ತೊಟ್ಟುತೊಟ್ಟಾಗಿ ಬಿಡುತ್ತಿದ್ದರು. ಡಬ್ಬಿ ಅರ್ಧದಲ್ಲೇ ಮುಗಿಯಿತು. ಅಂಗಡಿಗೆ ಹೋಗುವ ಬದಲು ಸ್ನಾನದ ಮನೆಯಿಂದ ವಸಂತಲಕ್ಷ್ಮಿಯ ಬಾಟಲಿ ತಂದಿದ್ದರು. ಅಂದು ಸೆಕೆ, ಎಣ್ಣೆ ನೀರಿಗಿಂತ ತಿಳಿಯಾಗಿ ಇಳಿದುಹೋಗಿತ್ತು. ಸೋಮವಾರ ಚಳಿಗೆ ಹೆಪ್ಪುಗಟ್ಟಿ ಪೆಡಲನ್ನು ಹಿಡಿದದ್ದೂ ಅದೇ, ಹತ್ತು ನಿಮಿಷದಲ್ಲಿ ಎಂಜಿನ್ನಿನ ಬಿಸಿಗೆ ಕರಗಿ ಬಿಟ್ಟದ್ದೂ ಅದೇ. ಮೈಸೂರಿನಲ್ಲಿ ಮನೆಯ ಬಾಗಿಲ ತಿರುಗಣೆಯಿಂದ ಸೈಕಲ್ ಚೈನಿನವರೆಗೆ ಎಲ್ಲಕ್ಕೂ ಅದನ್ನೇ ಬಿಡುತ್ತಿದ್ದ ಕೈ. ಅದೇ ಮೈಸೂರಿನಲ್ಲಿ ಧನುರ್ಮಾಸದ ಬೆಳಿಗ್ಗೆ ಎಣ್ಣೆಯ ಬಾಟಲಿಯನ್ನು ಬಿಸಿಲಿಗೆ ಇಟ್ಟು ಕಾಯುತ್ತಿದ್ದುದು ಮಾತ್ರ ಆ ಕೈಗೆ ಅಂದು ನೆನಪಾಗಿರಲಿಲ್ಲ.

ಹಿಂದಿನಿಂದ ಚಪ್ಪಲಿಯ ಸದ್ದು ಬಂತು. ವಸಂತಲಕ್ಷ್ಮಿ ಶಾಲು ಹೊದ್ದು ನಿಂತಿದ್ದರು.

"ಲಕ್ಷ್ಮೀ, ಇದನ್ನ ಮೂಸು."

ಅವರು ಮೂಸಿ ನೋಡಿ ಗಂಡನ ಮುಖ ನೋಡಿದರು. "ಅಯ್ಯೋ! ಆಗಸ್ಟಲ್ಲಿ ನನ್ನ ಎಣ್ಣೆ ಬಾಟ್ಲಿ ಗ್ಯಾರೇಜಲ್ಲಿ ಸಿಕ್ತಲ್ಲ, ಇಲ್ಲಿಗೆ ಹ್ಯಾಗೆ ಬಂತು ಅಂತ ಕೇಳಿದ್ದಕ್ಕೆ, ಕಾರಿಗೂ ತಲೆ ಬಾಚ್ತಿದೀನಿ ಅಂದಿದ್ರಿ!"

"ಅಂದಿದ್ನಾ?"

"ಹೂಂ. ನಾನು ತಮಾಷೆ ಅಂದ್ಕೊಂಡೆ." ವಸಂತಲಕ್ಷ್ಮಿ ನಗಲು ಹೋಗಿ, ಆಗಲಿಲ್ಲ. ಶಾಲಿನ ಸೆರಗಿನಿಂದ ಮುಖ ಮುಚ್ಚಿಕೊಂಡು ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟರು. ಆರು ದಿನ ಅವರೂ ಹೆದರಿದ್ದರು ಎನ್ನುವುದು ಅನಂತಪದ್ಮನಾಭರಿಗೆ ತಿಳಿದದ್ದು ಆಗ.

ಮಧುರಾ ಬರುವ ಹೊತ್ತಿಗೆ ಕೇಬಲ್ಲನ್ನು ಹಾಗೇ ಮರಳಿ ಜೋಡಿಸಿಟ್ಟಿದ್ದರು. ತಾವು ಬಾಯಲ್ಲಿ ಹೇಳಿದರೆ ನಂಬುವುದು ಅವಳಿಗೆ ಕಷ್ಟವೆಂದು ಗೊತ್ತಿತ್ತು.

"ಒತ್ತು ಮರಿ. ಕೈಯಲ್ಲೇ ಒತ್ತು."

ಅವಳು ಒಳ್ಳೆಯ ಪ್ಯಾಂಟಿನಲ್ಲೇ ಜಲ್ಲಿಯ ಮೇಲೆ ಮೊಣಕಾಲೂರಿ ಒತ್ತಿ, ಬಿಟ್ಟಳು. ಪೆಡಲು ಕೆಳಗೇ ಉಳಿಯಿತು. ಅಪ್ಪ ಅವಳ ಅಂಗೈಗೆ ಒಂದಿಷ್ಟು ಬಿಳಿ ಜಿಡ್ಡು ಹಚ್ಚಿದರು. ಅದು ಕರಗಿತು. ಚಿಕ್ಕಂದಿನಲ್ಲಿ ಪ್ರತಿ ಶನಿವಾರ ಅವಳನ್ನು ಅಟ್ಟಾಡಿಸಿ ಹಿಡಿದು ತಲೆಗೆ ಹಚ್ಚುತ್ತಿದ್ದ ವಾಸನೆ.

"ಓ ಮೈ ಗಾಡ್. ಅಪ್ಪಾ, ಯೂ ಪುಟ್ ಹೇರ್ ಆಯಿಲ್ ಇನ್ ದ ಕಾರ್?"

"ಕಾಲು ತಪ್ಪು ಮಾಡ್ಲಿಲ್ಲ. ಕೈ ಮಾಡ್ತು," ಎಂದರು ಅವರು. ಹೇಳುವಾಗ ನಗಬೇಕೆಂದುಕೊಂಡಿದ್ದರು. "ಆ ಮಗುವಿಗೆ ಏನಾದ್ರೂ ಆಗಿದ್ರೆ ಮಧು..."

ಅವಳು ಎದ್ದು ಅಪ್ಪನ ತೋಳು ಹಿಡಿದಳು. "ಆಗ್ಲಿಲ್ಲ," ಎಂದಳು. ಕೀಲಿಯ ಮಾತನ್ನು ಎತ್ತಲಿಲ್ಲ. ಎರಡೂ ಕೀಲಿಗಳು ಚೀಟಿಯ ಸಮೇತ ಊಟದ ಮೇಜಿನ ಮೇಲೆ ಸಿದ್ಧವಾಗಿದ್ದವು. ಸಂಜೆ ಅವಳು ಹೊರಟಾಗಲೂ ಅಲ್ಲೇ ಇದ್ದವು.

ಆ ವಾರವೇ ಹೊಸ ಕೇಬಲ್ ತರಿಸಿ ಹಾಕಿದರು. ನೀಲಿ ಪುಸ್ತಕದ ಆಗಸ್ಟ್ ಹದಿನಾರರ ಸಾಲಿನಲ್ಲಿ "ಎಣ್ಣೆ" ಎಂಬುದರ ಹಿಂದೆ, ಬೇರೆ ಶಾಯಿಯಲ್ಲಿ, "ಕೊಬ್ಬರಿ" ಎಂದು ಸೇರಿಸಿದರು. ಸ್ಟಾಪ್ ಬೋರ್ಡಿನ ಹತ್ತಿರ ಹೋಗಿ ಆ ತಾಯಿಗೆ ನಡೆದದ್ದನ್ನು ಹೇಳಿ ಕ್ಷಮೆ ಕೇಳಿದರು. ಬಿಳಿ ಜಿಡ್ಡಿನ ಕಥೆ ಅವಳಿಗೆ ಎಷ್ಟು ಅರ್ಥವಾಯಿತೋ ತಿಳಿಯಲಿಲ್ಲ. ಅವಳು ತನ್ನ ಮಗುವಿನ ಭುಜದ ಮೇಲಿಂದ ಕೈ ಮಾತ್ರ ತೆಗೆಯಲಿಲ್ಲ.

ಈಗಲೂ ಚಳಿಗಾಲದ ಬೆಳಿಗ್ಗೆ ಅವರು ಯಾವ ಕಾರನ್ನೇ ತೆಗೆಯಲಿ, ಹತ್ತುವ ಮೊದಲು ಬಾಗಿಲು ತೆರೆದು ಜಲ್ಲಿಯ ಮೇಲೆ ಮೊಣಕಾಲೂರುತ್ತಾರೆ. ಬೀದಿಯ ಕೆಲವರು ಅದನ್ನು ಇಂಡಿಯಾದವರ ಪ್ರಾರ್ಥನೆ ಎಂದುಕೊಂಡಿದ್ದಾರೆ. ಪೆಡಲನ್ನು ಅಂಗೈಯಿಂದ ಒತ್ತಿ ಬಿಡುತ್ತಾರೆ. ಅದು ಕೈಯ ಹಿಂದೆಯೇ ಎದ್ದು ಬರುತ್ತದೆ. ಎರಡನೆಯ ಸಲವೂ ಬರುತ್ತದೆ. ಮೂರನೆಯ ಸಲ ಒತ್ತಿ, ಕೈ ತೆಗೆಯುವ ಮೊದಲು, ಅನಂತಪದ್ಮನಾಭರು ಇಂದಿಗೂ ಒಂದು ಕ್ಷಣ ಉಸಿರು ಹಿಡಿಯುತ್ತಾರೆ.